ಎರಡು ಪಂಚಾಂಗ

ಬಸ್ಸು ತಾಂಬಾ ದಾಟುವ ತನಕ ಹೃಷೀಕೇಶರಾಯರಿಗೆ, ಬೇಕಾದರೆ ಇಲ್ಲೇ ಇಳಿದು ಸಿಂದಗಿಗೆ ತಿರುಗಿ ಹೋಗಬಹುದು ಎಂಬುದೊಂದು ಆಸರೆಯಾಗಿತ್ತು. ಸೊಸೆ ವೃಂದಾಳ ಮುಂದೆ ಹೇಳಲು ನೆಪವನ್ನೂ ಜೋಡಿಸಿಟ್ಟುಕೊಂಡಿದ್ದರು: ತಲೆ ಸುತ್ತಿ ಬಂತು, ಇಂಡಿಯವರೆಗೆ ಹೋಗುವ ಧೈರ್ಯವಾಗಲಿಲ್ಲ. ಎಪ್ಪತ್ತೊಂದು ವರ್ಷದವನ ತಲೆಸುತ್ತನ್ನು ಯಾರೂ ಪರೀಕ್ಷೆ ಮಾಡಿ ನೋಡುವುದಿಲ್ಲ. ತಾಂಬಾದಲ್ಲಿ ಬಸ್ಸು ನಾಲ್ಕು ನಿಮಿಷ ನಿಂತಿತು. ರಾಯರು ಕೈಚೀಲವನ್ನು ಎರಡು ಸಲ ಎತ್ತಿ ಎರಡು ಸಲ ತೊಡೆಯ ಮೇಲೆ ಇಟ್ಟುಕೊಂಡರು. ಕಂಡಕ್ಟರ್ ನೋಡಿ, "ಇಳೀತೀರೇನ್ರಿ ಅಜ್ಜಾರ?" ಎಂದ. "ಇಲ್ಲಪಾ, ಇಂಡಿ," ಎಂದುಬಿಟ್ಟರು. ಬಾಯಿ ತನ್ನಷ್ಟಕ್ಕೆ ಖರೆ ನುಡಿದಿತ್ತು. ಬಸ್ಸು ಹೊರಟಿತು. ಇನ್ನು ಇಂಡಿ ಬಂದೇ ಬರುತ್ತದೆ, ಬಾನುಬಿಯ ಮುಂದೆ ಕುಳಿತುಕೊಳ್ಳಲೇಬೇಕು.

ನಿನ್ನೆ ಫೋನು ಮಾಡಿದವಳು ಶಬಾನಾ, ತೀರಿಹೋದ ಗೆಳೆಯ ಮಶಾಕಸಾಬನ ಮಗಳು. ಮುದ್ದೇಬಿಹಾಳದಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿ, ರಜೆ ಹಾಕಿ ತಾಯಿ ಬಾನುಬಿಯ ಜೊತೆಗೆ ಬಂದು ಇದ್ದಾಳೆ. "ಕಾಕಾ, ಅಬ್ಬಾರ ನಲವತ್ತ ದಿನದ ಕಾರ್ಯ ಮುಗದ ವಾರಾತು. ನಿಮ್ಮ ಹಾದಿ ನೋಡಿದ್ವಿ. ಅಮ್ಮಾ ನಿಮ್ಮ ಜೋಡಿ ಒಂದ ಮಾತ ಆಡೂದೈತಿ ಅಂತಾಳ." ಫೋನಿನಲ್ಲೇ ಆಡಲಿಕ್ಕೆ ಬರುವುದಿಲ್ಲವೇ ಎಂದರೆ, "ಎದುರಿಗೇ ಆಗಬೇಕಂತ್ರಿ," ಎಂದಳು. ಆಮೇಲೆ ಸ್ವಲ್ಪ ತಡೆದು, "ಅಬ್ಬಾರ ಫೋನಿನ್ಯಾಗ ನಿಮಗ ತೋರಸೂದೂ ಒಂದೈತಿ," ಎಂದು ಸೇರಿಸಿದಳು. ಆ ಮಾತಿನ ಮೇಲೆ ರಾಯರಿಗೆ ಅನ್ನ ಸೇರಲಿಲ್ಲ. ಮಶಾಕಸಾಬನಿಗೆ ಗೊತ್ತಿತ್ತೋ ಇಲ್ಲವೋ? ಸಾಯುವುದರೊಳಗೆ ಗೊತ್ತಾಗಿತ್ತೋ ಇಲ್ಲವೋ? ಸಂಧ್ಯಾವಂದನೆಗೆ ಕುಳಿತಾಗ, ಆಚಮನದ ನೀರು ಅಂಗೈಯಲ್ಲಿರುವಾಗ, ಈ ಒಂದು ಪ್ರಶ್ನೆ ಒಂಬತ್ತು-ಹತ್ತು ತಿಂಗಳಿಂದ ಮಂತ್ರದ ನಡುವೆ ನುಗ್ಗಿ ಬರುತ್ತಿತ್ತು. ದೇವರ ಹೆಸರು ಎಲ್ಲಿಗೆ ನಿಂತಿತ್ತೆಂದು ಮರೆತು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು.

ಕಿಟಕಿಯ ಹೊರಗೆ ತೊಗರಿ ಕಾಯಿ ಕಟ್ಟಿ ನಿಂತಿತ್ತು. ಹಿಂದೆ ಉಳಿದ ತಾಂಬಾದ ಶಾಲೆಯಲ್ಲಿ ಇಬ್ಬರೂ ಹತ್ತೊಂಬತ್ತು ವರ್ಷ ಒಂದೇ ಬೆಂಚಿನ ಮೇಲೆ ಕುಳಿತು ಹಾಜರಿ ತುಂಬಿದ್ದರು. ರಾಯರು ಕನ್ನಡ, ಮಶಾಕಸಾಬ ಗಣಿತ. ಹೆಸರು ಹಿಡಿದು ಕರೆಯಲು ಉದ್ದವಾಯಿತೆಂದು ಅವನು ಮೊದಲ ವಾರದಲ್ಲೇ ಅದನ್ನು ಕತ್ತರಿಸಿ ಋಷಿ ಮಾಡಿದ್ದ. ಏಕಾದಶಿಯ ದಿನ ರಾಯರು ನೀರನ್ನೂ ಮುಟ್ಟುತ್ತಿರಲಿಲ್ಲ. ಆ ದಿನ ಮಶಾಕಸಾಬ ತನ್ನ ರೊಟ್ಟಿಯ ಗಂಟು ಹಿಡಿದು ನೀರಿನ ಟಾಕಿಯ ಹಿಂದೆ ಹೋಗಿ ಉಂಡು ಬರುತ್ತಿದ್ದ. "ಇಲ್ಲೇ ಕುಂತ ಉಣ್ಣೋ ಮಾರಾಯಾ," ಎಂದರೆ, "ನಿನ್ನ ಮುಂದ ನುಂಗಿದರ ಬಳ್ಳೊಳ್ಳಿ ಚಟ್ನಿ ಗಂಟಲದಾಗ ಅಡ್ಡ ನಿಂದರತೈತಿ. ನಿನ್ನ ದೇವರು ನೋಡಿಕೋತ ಕುಂತಿರತಾನ," ಎನ್ನುತ್ತಿದ್ದ. ರೋಜೆಯ ತಿಂಗಳಲ್ಲಿ ಅವನ ಕೊನೆಯ ತಾಸನ್ನು ರಾಯರು ತೆಗೆದುಕೊಳ್ಳುತ್ತಿದ್ದರು. ಗಣಿತ ಬಾರದ ಇವರು ಭಾಗಾಕಾರ ಹೇಳಿಕೊಟ್ಟು ಹುಡುಗರಿಂದ ನಗೆಪಾಟಲಾಗುತ್ತಿದ್ದರು. ಇದೆಲ್ಲ ಉಪಕಾರ ಎಂದು ಇಬ್ಬರಿಗೂ ಆಗ ತಿಳಿದಿರಲಿಲ್ಲ. ಬಾವಿಯ ಹಗ್ಗದಂತೆ ದಿನವೂ ಕೈಗೆ ಬರುತ್ತಿದ್ದ ವಸ್ತುಗಳು ಅವು, ನೋಡಿಯೇ ಇರಲಿಲ್ಲ.

ನಿವೃತ್ತರಾದ ಮೇಲೆ ಇಂಡಿಯಲ್ಲಿ ಇಬ್ಬರ ಮನೆಗಳ ನಡುವೆ ಎರಡು ಓಣಿ. ವಾಚನಾಲಯದ ಮುಂದಿನ ಕಲ್ಲಿನ ಕಟ್ಟೆ ಇಬ್ಬರದೂ. ಮಶಾಕಸಾಬನ ಕಣ್ಣಿನ ಪೊರೆ ತೆಗೆದಾಗ ಡಾಕ್ಟರು ಫೋನು ಕಡಿಮೆ ನೋಡಲು ಹೇಳಿದರು. ಶಬಾನಾ ಊರಿಗೆ ಬಂದವಳು ಅಪ್ಪನ ಫೋನಿನಲ್ಲಿ ಒಂದು ಆ್ಯಪು ಹಾಕಿದಳು. ಯಾವುದನ್ನು ದಿನಕ್ಕೆ ಎಷ್ಟು ಸಲ ತೆರೆದರು, ಎಷ್ಟು ನಿಮಿಷ ನೋಡಿದರು ಎಂಬುದನ್ನೆಲ್ಲ ಅದು ಬರೆದಿಡುತ್ತಿತ್ತು. "ಇಂವಗೂ ಹಾಕವಾ, ನಾ ಒಬ್ಬನ ಯಾಕ ಸಿಗಬೀಳಲಿ," ಎಂದು ಅವನು ರಾಯರ ಫೋನನ್ನೂ ಕಸಿದು ಮಗಳ ಕೈಗೆ ಕೊಟ್ಟ. ಅಂದಿನಿಂದ ಶನಿವಾರ ಬೆಳಿಗ್ಗೆ ಕಟ್ಟೆಯ ಮೇಲೆ ಪ್ರಗತಿಪತ್ರದ ಪರೀಕ್ಷೆ. ಇವರ ಫೋನು ಅವನ ಕೈಯಲ್ಲಿ, ಅವನದು ಇವರ ಕೈಯಲ್ಲಿ.

"ಏ ಋಷಿ, ವಾಟ್ಸಾಪ್ ಮುನ್ನೂರಾ ಹನ್ನೆರಡ ಸಲ! ಏನ ನಡಸೀದಿ?"

"ಪ್ರವಚನ ಕಳಸ್ತಾರಪಾ ಮಂದಿ. ಕೇಳಬ್ಯಾಡೇನು?"

"ಕೇಳಿದ್ದು ವಾರಕ್ಕ ನಾಕ ನಿಮಿಷ ಅಂತ ತೋರಸಾಕತ್ತೈತಿ. ಉಳದದ್ದೆಲ್ಲಾ ಮುಂದ ದೂಡೂದ. ಪುಣ್ಯೇದ ಪೋಸ್ಟಮ್ಯಾನ್ ಆಗೀದಿ ನೀ."

ಹಾಗೆಂದು ಗಾಳಿಯಲ್ಲಿ ಬೆರಳಾಡಿಸಿ ಪಾಲಕರ ಸಹಿ ಹಾಕುತ್ತಿದ್ದ. ಅವನ ಫೋನಿನಲ್ಲಿ ಹೆಚ್ಚಾಗಿ ತೆರೆದದ್ದು ಹಳೆಯ ಮರಾಠಿ ನಾಟಕದ ಹಾಡುಗಳು. ಬಾನುಬಿಗೆ ಹೇಳುತ್ತೇನೆಂದು ಇವರು ಹೆದರಿಸುತ್ತಿದ್ದರು. ಅಷ್ಟು ವಯಸ್ಸಾದ ಮೇಲೆ ಒಬ್ಬರ ಜೇಬಿನೊಳಗಿನದನ್ನು ಇನ್ನೊಬ್ಬರು ತೆಗೆದು ನೋಡುವುದರಲ್ಲಿ ಎಂಥ ಸುಖವಿತ್ತು! ಮುಚ್ಚಿಡುವಂಥದ್ದು ಏನೂ ಇರದ ಸುಖ ಅದು. ಈಗ ನೆನೆದರೆ ಬೇರೆ ಯಾರೋ ಇಬ್ಬರು ಅಲ್ಲಿ ಕುಳಿತಿದ್ದಂತೆ, ತಾವು ರಸ್ತೆಯ ಈಚೆಯಿಂದ ನೋಡುತ್ತಿರುವಂತೆ ಅನಿಸುತ್ತದೆ.

ಆ ಆಷಾಢದಲ್ಲೇ ಪಂಚಾಂಗದ ಮಾತು ಬಂದದ್ದು. "ಏಕಾದಶಿ ಯಾವಾಗ ಅಂತ ದಿನಾ ನಿನ್ನ ಕೇಳೂದು ಬ್ಯಾಸರಾತು. ಚಹಾದಂಗಡಿಗೆ ಕರಕೊಂಡ ಹೋದಮ್ಯಾಲೆ ನೀ ಬಾಯಿ ಮುಚ್ಚಿಕೊಂಡ ಕುಂದರತಿ, ಅಂಗಡ್ಯಾಂವ ನನ್ನ ಮಾರಿ ನೋಡತಾನ. ನನ್ನ ಫೋನಿಗೂ ಒಂದ ಪಂಚಾಂಗ ಹಾಕಿಕೊಡ," ಎಂದ. ರಾಯರು ಅಲ್ಲಿಯೇ ಪಂಚಾಂಗ ಎಂದು ಹುಡುಕಿ ಮೊದಲು ಬಂದದ್ದನ್ನು ಒತ್ತಿ ಹಾಕಿಕೊಟ್ಟರು. ತಮಗೆ ಅದರ ಗರಜು ಇರಲಿಲ್ಲ. ಅವರ ಮನೆಯಲ್ಲಿ ಮಠದ ಅಚ್ಚಿನ ಪಂಚಾಂಗ ದೇವರ ಕೋಣೆಯ ಮೊಳೆಗೆ ತೂಗುತ್ತಿತ್ತು. ಎರಡನ್ನೂ ಒಂದಕ್ಕೊಂದು ತಾಳೆ ನೋಡಬೇಕೆಂದು ತೋಚಲೇ ಇಲ್ಲ. ಅಷ್ಟೇ ಅವರ ತಪ್ಪು. ಅಷ್ಟನ್ನು ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು ಎಂದು ಬಸ್ಸು ಹಾರಿದಾಗಲೆಲ್ಲ ರಾಯರು ಮನಸ್ಸಿನೊಳಗೆ ಹೇಳಿಕೊಂಡರು.

ತಿಂಗಳಿಗೆ ಎರಡು ಬರುವ ಏಕಾದಶಿ ವರ್ಷದಲ್ಲಿ ಕೆಲವು ಸಲ ಎರಡು ದಿನಕ್ಕೆ ಹಂಚಿಹೋಗುತ್ತದೆ. ದಶಮಿಯ ಸೋಂಕು ತಗಲಿದ ಮೊದಲ ದಿನವನ್ನು ರಾಯರಂಥ ವೈಷ್ಣವರು ಬಿಟ್ಟು ಮರುದಿನ ಉಪವಾಸವಿರುತ್ತಾರೆ, ಉಳಿದವರಿಗೆ ಮೊದಲ ದಿನವೇ ಏಕಾದಶಿ. ಮಾಘದಲ್ಲಿ ಹಾಗಾಯಿತು. ಶಬಾನಾಳಿಗೆ ಬಡ್ತಿ ಬಂದಿತ್ತು. ಪೆನ್ಶನರ ಸಂಘದ ಸಭೆಯಲ್ಲಿ ಮೂವತ್ತು ಜನ ಮುದುಕರು ಕುಳಿತಿದ್ದರು. ಮಶಾಕಸಾಬ ಪೇಢೆಯ ಡಬ್ಬಿ ಹಿಡಿದು ಹಿಂದಿನಿಂದ ಬಂದವನು, "ನಿನ್ನೆ ನಿಂದು ಏಕಾದಶಿ ಅಂತ ಡಬ್ಬಿ ಒಡೀದ ಒಂದಿನ ಕಾದೇನಿ. ಮೊದಲನೇದು ನಿನಗ," ಎನ್ನುತ್ತ ರಾಯರ ಗದ್ದ ಹಿಡಿದೆತ್ತಿ ಬಾಯೊಳಗೆ ಒಂದು ಪೇಢೆ ತುರುಕಿಯೇ ಬಿಟ್ಟ. ಮಾತು ಕಿವಿಗೆ ಬೀಳುವ ಮೊದಲೇ ಸಿಹಿ ನಾಲಿಗೆಗೆ ತಾಗಿತ್ತು. ಮುಂಜಾನೆಯಿಂದ ಉಗುಳನ್ನೂ ನುಂಗಲು ಹಿಂಜರಿದ ಬಾಯಿ ಅದು. ರಾಯರು ಅಲ್ಲೇ ನೆಲದ ಮೇಲೆ, ಎಲ್ಲರ ಚಪ್ಪಲಿಗಳ ನಡುವೆ, ಥೂ ಎಂದು ಉಗುಳಿದರು. "ಇವತ್ತ ಏಕಾದಶಿ ಅದ! ನಮ್ಮ ಆಚಾರ ನಿನಗ ಏನ ತಿಳೀಬೇಕು, ನಿಮ್ಮ ಮಂದಿಗೆ?" ನಿನಗೆ ಎಂದು ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಕೊನೆಯ ಎರಡು ಪದ ಎಲ್ಲಿಂದ ಬಂದವೋ! ಯಾರೋ ಕುರ್ಚಿ ಎಳೆದ ಸಪ್ಪಳವಾಯಿತು. ಕುರುಬರ ಬೀರಣ್ಣ ಮಾಸ್ತರ, "ಹೋಗ್ಲಿ ಬಿಡ್ರಿ, ತಿಳೀದ ಆಗೇತಿ," ಎಂದ. ಮಶಾಕಸಾಬ ಬಗ್ಗಿ, ಎಂಜಲಾದ ಪೇಢೆಯನ್ನು ಕೈವಸ್ತ್ರದಲ್ಲಿ ಹೆಕ್ಕಿ ತೆಗೆದು, ಫರಸಿಯನ್ನು ಒರೆಸಿ, ಹೊರಗೆ ಹೋದ.

ಅವನು ಒರೆಸುವಾಗ ನೆತ್ತಿ ಕಾಣುತ್ತಿತ್ತು. ಟೊಪ್ಪಿಗೆ ಒಂದಿಷ್ಟು ಸರಿದಿತ್ತು.

ಅಂದು ಮಧ್ಯಾಹ್ನ ರಾಯರಿಗೆ ಅವನ ಮಾತು ನೆನಪಾಯಿತು. ನಿನ್ನೆ ನಿಂದು ಏಕಾದಶಿ ಅಂತ ಕಾದೇನಿ. ಹಾಗೆ ಯಾಕೆ ಅಂದ? ದೇವರ ಕೋಣೆಯಲ್ಲಿ ಬೆನ್ನು ತಿರುಗಿಸಿ ಕುಳಿತು ತಮ್ಮ ಫೋನಿಗೂ ಅದೇ ಪಂಚಾಂಗವನ್ನು ಇಳಿಸಿಕೊಂಡು ನೋಡಿದರು. ಕೆಂಪು ಗುರುತು ಹಿಂದಿನ ದಿನದ ಮೇಲಿತ್ತು. ಕೂಡಲೇ ಅಳಿಸಿ ಹಾಕಿದರು. ಆದರೆ ಲೆಕ್ಕ ಬರೆದಿಡುವ ಆ್ಯಪು ಅದನ್ನು ಬಿಟ್ಟಿರಲಿಲ್ಲ: ಪಂಚಾಂಗ, ಒಂದು ಸಲ, ನಲವತ್ತು ಸೆಕೆಂಡು. ಆ ಸಾಲನ್ನು ಹೇಗೆ ಒರೆಸುವುದೆಂದು ರಾಯರಿಗೆ ಗೊತ್ತಿರಲಿಲ್ಲ, ಮೊಮ್ಮಗಳನ್ನು ಕೇಳುವಂತೆಯೂ ಇರಲಿಲ್ಲ. ಶನಿವಾರ ಬಂತು. ಕಟ್ಟೆಗೆ ಹೋದರೆ ಅವನು ಕೈ ಚಾಚಿ ಫೋನು ಕೇಳುತ್ತಾನೆ, ನೋಡುತ್ತಾನೆ, ಅದೇ ದಿನವೇ ನಿನಗೆ ನಿನ್ನ ತಪ್ಪು ಗೊತ್ತಾಗಿತ್ತಲ್ಲೋ ಎನ್ನುತ್ತಾನೆ. ಹೋಗಲಿಲ್ಲ. ಮುಂದಿನ ಶನಿವಾರ, ಹೋದ ವಾರ ಯಾಕೆ ಬರಲಿಲ್ಲವೆಂದು ಹೇಳಬೇಕಾಗುತ್ತಿತ್ತು. ಹೋಗಲಿಲ್ಲ. ಊರಿನಲ್ಲಿ ಜನ ತಮಗೆ ಬೇಕಾದಂತೆ ಅರ್ಥ ಮಾಡಿಕೊಂಡರು. ಕೆಲವರು ಬಂದು ರಾಯರ ನಿಷ್ಠೆಯನ್ನು ಹೊಗಳಿಯೂ ಹೋದರು. ಆ ಹೊಗಳಿಕೆಯನ್ನು ಅವರು ಎದುರಾಡದೆ ಕೇಳಿಸಿಕೊಂಡರು. ಅದನ್ನು ಯಾವ ಯಂತ್ರವೂ ಬರೆದಿಟ್ಟಿರಲಿಲ್ಲ, ಆದರೂ ಒಂದೊಂದೂ ನೆನಪಿದೆ. ಜೂನಿನಲ್ಲಿ ಮಗ ಶ್ರೀವಲ್ಲಭನಿಗೆ ಸಿಂದಗಿಯ ತಾಲ್ಲೂಕು ಕಚೇರಿಗೆ ವರ್ಗವಾದಾಗ, ಅಪ್ಪ ಇಂಡಿ ಬಿಟ್ಟು ಬರಲು ಒಪ್ಪುವುದಿಲ್ಲವೆಂದು ಮನೆಯವರು ಹೆದರಿದ್ದರು. ರಾಯರು ಎಲ್ಲರಿಗಿಂತ ಮೊದಲು ದೇವರ ಪೆಟ್ಟಿಗೆ ಕಟ್ಟಿದರು.

ಆಶ್ವಿನದಲ್ಲಿ ಮಶಾಕಸಾಬ ತೀರಿಹೋದ ಸುದ್ದಿ ಬಂತು. ಮಣ್ಣಿಗೆ ಹೋಗಿದ್ದರು, ಹೋಗಿರಲಿಲ್ಲ ಎಂದಲ್ಲ. ಓಣಿಯ ತುದಿಯಲ್ಲಿ ನಿಂತಿದ್ದರು. ಜನ ಹೆಗಲು ಕೊಡಲು ಮುಂದೆ ಹಿಂದೆ ಆಗುತ್ತಿದ್ದರು, ಬೀರಣ್ಣ ಮಾಸ್ತರನೂ ನಾಲ್ಕು ಹೆಜ್ಜೆ ಹೆಗಲು ಕೊಟ್ಟ. ರಾಯರು ಕೈ ಮುಗಿದುಕೊಂಡು ಗೋಡೆಗೆ ಆತು ನಿಂತೇ ಇದ್ದರು. ತಮ್ಮ ಎದುರಿಗೆ ಹಾದುಹೋದದ್ದನ್ನು ಹಸಿರು ಚಾದರದಿಂದ ಗುರುತಿಸಿದರು.

ಇಂಡಿಯ ನಿಲ್ದಾಣದ ಹೊರಗೆ ನಿಂಬೆಯ ಚೀಲ ಹೇರಿದ ಗಾಡಿಗಳು ನಿಂತಿದ್ದವು. ಆ ವಾಸನೆಗೆ ರಾಯರ ಕಾಲುಗಳು ತಾವಾಗಿಯೇ ಹಳೆಯ ದಾರಿ ಹಿಡಿದವು. ವಾಚನಾಲಯದ ಮುಂದೆ ಹೋಗದೆ ಸುತ್ತಿ ಬಳಸಿ ನಡೆದರು. ಬಾಗಿಲು ತೆರೆದವಳು ಶಬಾನಾ. "ಬರ್ರಿ ಕಾಕಾ. ಭಾಳ ಸಣ್ಣಾಗೀರಿ," ಎಂದು ಕುರ್ಚಿ ಸರಿಸಿದಳು. ಪಡಸಾಲೆಗೂ ಒಳಕೋಣೆಗೂ ನಡುವೆ ಒಂದು ಹೂವಿನ ಪರದೆ ಇಳಿಬಿಟ್ಟಿತ್ತು. ಗಂಡ ಹೋದ ನಾಲ್ಕು ತಿಂಗಳು ಹತ್ತು ದಿನ ಬಾನುಬಿ ಹೊರಗಿನ ಗಂಡಸರ ಎದುರಿಗೆ ಬರುವಂತಿರಲಿಲ್ಲ. ಇಷ್ಟು ವರ್ಷ ಇದೇ ಪಡಸಾಲೆಯಲ್ಲಿ ಸೆರಗು ಸಿಗಿಸಿಕೊಂಡು, "ಮಾಸ್ತರ, ಬಾಳೆಹಣ್ಣಾದರೂ ತಗೋರಿ, ಅದಕ್ಕ ನಮ್ಮ ಕೈ ಹತ್ತಿಲ್ಲ, ಸಿಪ್ಪಿ ಐತಿ," ಎಂದು ಕಾಲೆಳೆಯುತ್ತಿದ್ದ ಹೆಂಗಸು ಅವಳು. ಹೊರಗಿನ ಗಂಡಸರಲ್ಲಿ ತಾವೂ ಒಬ್ಬರೆಂದು ರಾಯರಿಗೆ ಅಂದು ಮೊದಲ ಸಲ ಅರಿವಾಯಿತು.

"ಬಂದ್ರೇನ್ರಿ?" ಎಂದಿತು ಪರದೆ.

"ಬಂದೀನಿ ತಾಯಿ."

"ಹಾದ್ಯಾಗ ತ್ರಾಸ ಆಗಲಿಲ್ಲಲ್ಲಾ? ಮೊದಲು ಶಬಾನಾ ತೋರಸಲಿ. ಆಮ್ಯಾಲೆ ನಂದು."

ಶಬಾನಾ ಅಪ್ಪನ ಫೋನನ್ನು ತಂದು ಅವರ ಮಗ್ಗುಲಿಗೆ ಕುಳಿತಳು. "ಈ ಫೋನ ಇನ್ನ ಅಮ್ಮಾ ಇಟ್ಕೋತಾಳ್ರಿ. ಬ್ಯಾಡಾದ್ದು ತೆಗದ ಕೊಡೂಣಂತ ಕುಂತಿದ್ದೆ. ಅಬ್ಬಾ ಯಾವುದ ದಿನಾ ತೆಗೀತಿದ್ರು ಅಂತ ಹಳೇ ಲೆಕ್ಕ ನೋಡಿದೆ. ನಮಾಜಿನ ವ್ಯಾಳ್ಯಾ ತೋರಸೂದು ಐತಿ, ಹಾಡಿಂದೈತಿ. ಈ ಎರಡು ನನಗ ತಿಳೀವಲ್ಲದು." ಬೆರಳಿಟ್ಟು ತೋರಿಸಿದಳು. ಒಂದು ಪಂಚಾಂಗ. ಅದರ ಕೆಳಗೆ ಇನ್ನೊಂದು ಪಂಚಾಂಗ, ವೈಷ್ಣವರದು. "ದಿನಾ ಮುಂಜಾನೆ ಮೊದಲ ಇದು, ಇಪ್ಪತ್ತ ಸೆಕೆಂಡ. ಹಿಂದಿಂದ ಇದು, ಮೂವತ್ತ ಸೆಕೆಂಡ. ಒಂದಿನಾನೂ ತಪ್ಪಿಲ್ಲ. ದವಾಖಾನಿಗೆ ಹೋದ ದಿನಾನೂ ಐತಿ ನೋಡ್ರಿ. ಒಂದ ಇದ್ದಮ್ಯಾಲೆ ಮತ್ತೊಂದ ಯಾಕ್ರಿ ಕಾಕಾ?"

ರಾಯರು ಕನ್ನಡಕ ತೆಗೆದು ಧೋತರದ ಅಂಚಿನಿಂದ ಒರೆಸಿ ಹಾಕಿಕೊಂಡರು. "ಎರಡನೇದು ಯಾವಾಗಿಂದ ಅದ?" ಎಂದು ಕೇಳುವಾಗ ದನಿ ಪರೀಕ್ಷೆಯ ಕೋಣೆಯಲ್ಲಿ ಸಿಕ್ಕಿಬಿದ್ದವನ ಹಾಗೆ ಇತ್ತು. ಅವಳು ಮೇಲೆ ಮೇಲೆ ಸರಿಸಿದಳು. ದಿನಗಳು, ವಾರಗಳು, ತಿಂಗಳುಗಳು ಸಣ್ಣ ಸಣ್ಣ ನೀಲಿ ಪಟ್ಟಿಗಳಾಗಿ ಓಡಿದವು. ತಾವು ಊರು ಬಿಟ್ಟ ಜೂನು ಬಂತು, ಅಲ್ಲಿಯೂ ಎರಡು ಪಟ್ಟಿ. ಯುಗಾದಿ ಬಂತು, ಎರಡು ಪಟ್ಟಿ. "ಫೆಬ್ರುವರಿಯಾಗ್ರಿ," ಎಂದು ನಿಲ್ಲಿಸಿ ತಾರೀಖು ಓದಿದಳು. ಪೆನ್ಶನರ ಸಭೆಯಾದ ಮೂರನೆಯ ದಿನ. ಅಂದು ಮಾತ್ರ ಎರಡನ್ನೂ ಹನ್ನೊಂದು ಹನ್ನೊಂದು ಸಲ ತೆರೆದಿದ್ದ. ಒಂದರಲ್ಲಿ ನೋಡಿ ಇನ್ನೊಂದರಲ್ಲಿ ತಾಳೆ ಹಾಕಿ, ಮತ್ತೆ ನೋಡಿ, ಗಣಿತದ ಮಾಸ್ತರನ ಹಾಗೆ ಉತ್ತರ ಬರುವ ತನಕ ಬಿಟ್ಟಿರಲಿಲ್ಲ. ಉತ್ತರ ಸಿಕ್ಕಿದೆ. ತಪ್ಪು ಯಾರದೆಂದು ಗೊತ್ತಾಗಿದೆ. ಗೊತ್ತಿದ್ದೂ ಎಂಟು ತಿಂಗಳು ಯಾರ ಮುಂದೆಯೂ ಆಡದೆ, ತಾನೇ ಕೆಟ್ಟವನೆಂದು ಊರು ತಿಳಿದರೆ ತಿಳಿಯಲಿ ಎಂದು ಬಿಟ್ಟು, ದಿನಾ ಮುಂಜಾನೆ ಐವತ್ತು ಸೆಕೆಂಡು...

"ಮಾಸ್ತರ," ಎಂದಿತು ಪರದೆ. "ಇನ್ನ ನಂದು. ಸತ್ತವರ ಪರವಾಗಿ ಮನಿಯವರು ಮಾಫಿ ಕೇಳೂದು ನಮ್ಮಲ್ಲಿ ಪದ್ಧತಿ ಐತಿ. ಅವರು ಯಾರ ಮನಸ್ಸ ನೋಯಿಸಿದ್ರೋ ಅವರ ಕಡಿ ಕೇಳಬೇಕು. ಹಂಗ ಬಿಟ್ಟರ ಅವರಿಗೆ ಅಲ್ಲಿ ಭಾರ. ಎಲ್ಲಾರನೂ ಕೇಳೇನಿ, ನೀವೊಬ್ಬರ ಉಳದೀರಿ. ನಿಮ್ಮ ಉಪಾಸ ಅವರ ಕೈಲೆ ಕೆಟ್ಟೈತಿ. ಮಾಫ ಮಾಡ್ರಿ."

ರಾಯರು ಎದ್ದು ನಿಂತುಬಿಟ್ಟರು. ಬಸ್ಸಿನಲ್ಲಿ ಕುಳಿತು ಏನೇನೋ ಊಹಿಸಿದ್ದರು: ಬೈಗುಳ, ಅಳು, ಹಂಗಿಸುವ ಮಾತು. ಇದನ್ನು ಊಹಿಸಿರಲಿಲ್ಲ. "ತಾಯಿ, ಅವನದು ತಪ್ಪಲ್ಲ," ಎಂದರು. "ಆ ಪಂಚಾಂಗ ನಾನ ಹಾಕಿಕೊಟ್ಟಿದ್ದೆ. ಅದರಾಗ ನಮ್ಮದಲ್ಲದ ದಿನ ಇತ್ತು. ಅವತ್ತ ಮಧ್ಯಾಹ್ನನ ನನಗ ಗೊತ್ತಾತು. ಗೊತ್ತಾಗಿ ಸುಮ್ಮನ ಕೂತೆ. ನಿಮ್ಮ ಮಂದಿ ಅಂತ ಅಂದೆ, ಅದನ್ನೂ ತಿರುಗಿ ತಗೊಳ್ಳಲಿಲ್ಲ." ಹೇಳಿ ಮುಗಿಸಿದಾಗ ಮೈ ಹಗುರಾಗಬೇಕಿತ್ತು, ಆಗಲಿಲ್ಲ. ಶಬಾನಾ ಫೋನನ್ನೂ ಅವರ ಮುಖವನ್ನೂ ನೋಡಿದಳು.

"ಗೊತ್ತೈತ್ರಿ," ಎಂದಳು ಬಾನುಬಿ. "ನನಗೊಬ್ಬಾಕಿಗೆ ಹೇಳಿದ್ರು. ಯಾರಿಗೂ ಹೇಳಬ್ಯಾಡ, ಇಡೀ ಊರ ಮುಂದ ಅಂವನ ಮಾರಿ ಸಣ್ಣದಾಗತೈತಿ ಅಂದ್ರು."

"ಮತ್ತ ಯಾಕ ಒಂದ ಫೋನ ಮಾಡಲಿಲ್ಲ?"

ಪರದೆಯ ಹಿಂದೆ ಸಣ್ಣ ನಗೆಯಂಥದು ಬಂತು. "ದಿನಾ ಮಾಡಾವರ ಇದ್ರು. ಮುಂಜಾನೆ ಎದ್ದ ಕೂಡಲೆ ಎರಡೂ ಪಂಚಾಂಗ ನೋಡಾವ್ರು. ಅವರು ಊರ ಬಿಟ್ಟ ಹೋಗ್ಯಾರಲ್ರಿ, ಇನ್ನ ಯಾಕ ನೋಡತೀರಿ ಅಂತ ನಾ ಕೇಳಿದ್ರ, ಫೋನ ಮಾಡೋ ದಿವಸ ಅಂವ ಉಪಾಸ ಇರಬಾರದ, ಖಾಲಿ ಹೊಟ್ಟ್ಯಾಗ ಅಂವನ ಸಿಟ್ಟ ಭಾಳ ಕೆಟ್ಟದ್ದ ಅನ್ನಾವ್ರು. ಉಪಾಸ ಇಲ್ಲದ ದಿನ ಬಂದ್ರ, ಇವತ್ತ ಬ್ಯಾಡ ನಾಳಿ ಮಾಡತೇನಿ ಅನ್ನಾವ್ರು. ಗಂಡಸರ ಬಿಂಕ, ಏನ ಹೇಳಬೇಕ್ರಿ. ನಿಮಗೂ ಅಷ್ಟ ಇತ್ತು, ಅವರಿಗೂ ಅಷ್ಟ ಇತ್ತು." ಆಮೇಲೆ ದನಿ ನೇರವಾಯಿತು. "ಅದು ಹೋಗಲಿ. ಮಾಫ ಮಾಡೇನಿ ಅನ್ರಿ."

"ನಾ ಕೇಳಬೇಕಾದಾಂವ ತಾಯಿ. ನಾ ಹ್ಯಾಂಗ ಕೊಡ್ಲಿ?"

"ಪಂಚಾಂಗ ಯಾರದರ ಇರಲಿ. ಬಾಯಾಗ ಇಟ್ಟದ್ದು ಅವರ ಕೈ ಹೌದಲ್ರಿ?"

"ಹೌದು."

"ಉಪಾಸ ಕೆಟ್ಟದ್ದು ಖರೆ ಹೌದಲ್ರಿ?"

"ಹೌದು."

"ಮತ್ತ ಅನ್ರಿ. ನೀವು ಕೇಳೂದಿದ್ರ ಅವರನ್ನ ಕೇಳಬೇಕು. ಅದು ನನ್ನ ಕೈಯಾಗಿಲ್ಲ."

ರಾಯರು ಪರದೆಯ ಹೂಗಳನ್ನು ನೋಡುತ್ತ ನಿಂತರು. ಕೊಡುವುದಕ್ಕೆ ತನ್ನ ಹತ್ತಿರ ಏನಿದೆ? ಆದರೆ ಕೊಡದೆ ಹೋದರೆ ಅವನಿಗೆ ಅಲ್ಲಿ ಭಾರವೆಂದು ಈ ಹೆಂಗಸು ನಂಬಿದ್ದಾಳೆ. ತಮ್ಮ ಯೋಗ್ಯತೆ ಅಯೋಗ್ಯತೆಗಳನ್ನು ಮುಂದಿಟ್ಟುಕೊಂಡು ಇಷ್ಟರಲ್ಲೂ ಹಿಂಜರಿದರೆ ಅದೂ ಒಂದು ಬಿಂಕವೇ. ತುಟಿ ಅಲುಗಿತು.

"ಕೇಳಸಲಿಲ್ರಿ ಮಾಸ್ತರ."

ಹಿಂದಿನ ಬೆಂಚಿನವರೆಗೆ ಮುಟ್ಟುವಂತೆ ಹೇಳುವುದನ್ನು ಜನ್ಮವಿಡೀ ಮಾಡಿದ ಗಂಟಲು ಅದು. "ಮಶಾಕ, ಮಾಫ ಮಾಡೀನಿ," ಎಂದರು, ಓಣಿಗೂ ಕೇಳುವ ಹಾಗೆ.

"ಆತ್ರಿ," ಎಂದಳು ಬಾನುಬಿ.

ಶಬಾನಾ ಮುಖ ತಿರುಗಿಸಿಕೊಂಡಳು. ರಾಯರ ಬಾಯಿ ಇನ್ನೂ ತೆರೆದೇ ಇತ್ತು. ಮಾತು ಅರ್ಧವೇ ಆಗಿತ್ತು.

"ಮಶಾಕ, ನೀನೂ..." ಎಂದರು.

ಪರದೆಯ ಆಚೆ ಬಾನುಬಿ ಗೋಡೆ ಹಿಡಿದು ಎದ್ದು, ನಿಧಾನವಾಗಿ ಒಳಗೆ ಹೋಗುವ ಸಪ್ಪಳ ಕೇಳಿಸಿತು.